ಮೂರು ಕಂಪ್ಯೂಟರ್, ಒಂದೇ ಜೋಡಿ ಸ್ಪೀಕರ್

ಚಿಕ್ಕಪ್ಪ: ಓದುವ ಕೋಣೆಯ ಮೂರೂ ಕಂಪ್ಯೂಟರುಗಳಿಗೆ ಒಂದೇ ಜೋಡಿ ಸ್ಪೀಕರ್ ಸಾಕೆಂದು ನಾವೆಲ್ಲರೂ ಒಪ್ಪಿದ್ದೆವು. ಆದರೆ ನಿನ್ನೆಯಿಂದ ನನ್ನ ಕಂಪ್ಯೂಟರಿನ ಸದ್ದು ತೀರ ಕುಗ್ಗಿದೆ. ಮೇಜಿನ ಹಿಂದೆ ಕೈಹಾಕಿ ನೋಡಿದರೆ ಕವಲು ವೈರೊಂದು ಸಿಕ್ಕಿತು. ನನ್ನನ್ನು ಕೇಳದೆ ಇದನ್ನು ಜೋಡಿಸಿದವರು ಯಾರು?

ತಂಗಿ: ನಾನೇ ಚಿಕ್ಕಪ್ಪ. ದಿನಕ್ಕೆ ಹತ್ತು ಸಲ ಪಿನ್ ಕಿತ್ತು ಚುಚ್ಚಿ ಜಾಕ್ ಸಡಿಲವಾಗಿದೆ. ಪಿನ್ನನ್ನು ಸ್ವಲ್ಪ ತಿರುಗಿಸಿ ಹಿಡಿದರೆ ಮಾತ್ರ ಎಡಗಡೆಯ ಸ್ಪೀಕರ್ ಮಾತಾಡುತ್ತದೆ. ಒಂದು ಕಂಪ್ಯೂಟರಿಗೆ ಎರಡು ಹೆಡ್‌ಫೋನ್ ಹಾಕಲು ಬಳಸುವ ವೈರನ್ನೇ ತಿರುಗಿಸಿ, ಎರಡು ಕಂಪ್ಯೂಟರುಗಳಿಂದ ಒಂದೇ ಸ್ಪೀಕರ್ ಜೋಡಿಗೆ ಹಾಕಿದ್ದೇನೆ. ಅದರಲ್ಲಿ ತಪ್ಪೇನಿದೆ?

ನಾನು: ತಪ್ಪಿರುವುದು ತಿರುಗಿಸಿದ್ದರಲ್ಲೇ. ಸ್ಪೀಕರಿನೊಳಗಿನ ಆಂಪ್ಲಿಫೈಯರ್ ಸಾವಿರಾರು ಓಮ್ ರೋಧ ಒಡ್ಡುತ್ತದೆ, ಕಂಪ್ಯೂಟರಿನ ಔಟ್‌ಪುಟ್ಟಿನ ರೋಧವೋ ಅದರ ಮುಂದೆ ಬಹಳ ಕಡಿಮೆ. ಹೀಗಾಗಿ ಎರಡು ಔಟ್‌ಪುಟ್ಟುಗಳನ್ನು ನೇರವಾಗಿ ಕೂಡಿಸಿದಾಗ ಚಿಕ್ಕಪ್ಪನ ಕಂಪ್ಯೂಟರಿನಿಂದ ಹೊರಟ ವಿದ್ಯುತ್ತಿನ ಬಹುಪಾಲು ಸ್ಪೀಕರಿಗೆ ತಲುಪದೆ ನಿನ್ನ ಕಂಪ್ಯೂಟರಿನ ಔಟ್‌ಪುಟ್ಟಿನೊಳಗೇ ಹರಿದುಹೋಗುತ್ತದೆ. ಸದ್ದು ಕುಗ್ಗುವುದಷ್ಟೇ ಅಲ್ಲ, ಒಡೆಯಲೂಬಹುದು. ಎರಡೂ ಸೌಂಡ್ ಕಾರ್ಡುಗಳ ಮೇಲೆ ಬೇಡದ ಹೊರೆಯೂ ಬೀಳುತ್ತದೆ.

ಅಣ್ಣ: ಹಾಗಿದ್ದರೆ ಮೂರು ದಾರಿಯ ಸ್ವಿಚ್ಚೊಂದನ್ನು ತರೋಣ. ಗುಂಡಿ ಯಾರ ಕಡೆಗಿದೆಯೋ ಅವರ ಸದ್ದು. ಸದ್ದು ತಗ್ಗುವ ಮಾತೇ ಇಲ್ಲ.

ತಂಗಿ: ಅಣ್ಣಾ, ನನಗೆ ಬೇಕಿರುವುದು ಅದಲ್ಲ. ಗುಂಡಿ ನಿನ್ನ ಕಡೆಗಿರುವಾಗ ನನಗೆ ಕಚೇರಿಯ ಕರೆ ಬಂದರೆ ಅದರ ಗಂಟೆ ಯಾರಿಗೂ ಕೇಳುವುದಿಲ್ಲ. ಕಳೆದ ವಾರ ನಾನು ಎರಡು ಕರೆಗಳನ್ನು ತಪ್ಪಿಸಿಕೊಂಡದ್ದು ಹೀಗೆಯೇ.

ಅಣ್ಣ: ಆಗಲಿ. ನಿನ್ನ ಕಂಪ್ಯೂಟರಿನ ಸದ್ದು ಹೊರಬರುವ ಹಸಿರು ಜಾಕಿನಿಂದ (ಲೈನ್ ಔಟ್) ಚಿಕ್ಕಪ್ಪನ ಕಂಪ್ಯೂಟರಿನ ಸದ್ದು ಒಳಹೋಗುವ ನೀಲಿ ಜಾಕಿಗೆ (ಲೈನ್ ಇನ್) ವೈರ್ ಎಳೆದು, ಅಲ್ಲಿ ಒಳಬರುವ ಸದ್ದನ್ನು ಸ್ಪೀಕರಿಗೆ ದಾಟಿಸುವ ಆಯ್ಕೆಯನ್ನು ವಿಂಡೋಸ್‌ನಲ್ಲಿ ತೆರೆದಿಟ್ಟರೆ ಎರಡೂ ಒಟ್ಟಿಗೆ ಕೇಳುತ್ತವೆ.

ಚಿಕ್ಕಪ್ಪ: ನಿಮ್ಮ ಸದ್ದಿಗಾಗಿ ನನ್ನ ಕಂಪ್ಯೂಟರ್ ಸದಾ ಚಾಲೂ ಇರಬೇಕೇ? ಅದಕ್ಕೆ ನಾನು ಒಪ್ಪುವುದಿಲ್ಲ.

ನಾನು: ಚಿಕ್ಕಪ್ಪ ಹೇಳುವುದು ನ್ಯಾಯವಾಗಿದೆ. ಯಾರೂ ಯಾರ ಯಂತ್ರವನ್ನೂ ಅವಲಂಬಿಸದ ದಾರಿಯೊಂದಿದೆ. ಪ್ರತಿ ಕಂಪ್ಯೂಟರಿನ ಎಡ ಮತ್ತು ಬಲ ತಂತಿಗಳಲ್ಲಿ ತಲಾ 1,000 ಓಮ್‌ನ ಒಂದು ರೆಸಿಸ್ಟರನ್ನು, ಅಂದರೆ ರೋಧ ಒಡ್ಡುವ ಚಿಕ್ಕ ಬಿಡಿಭಾಗವನ್ನು, ಬೆಸೆದು, ಅನಂತರವೇ ಎಡವನ್ನು ಎಡಕ್ಕೂ ಬಲವನ್ನು ಬಲಕ್ಕೂ ಕೂಡಿಸಬೇಕು. ಎಡ ಬಲ ಎರಡಕ್ಕೂ ಸೇರಿದ ಮೂರನೆಯ ತಂತಿಯನ್ನು ನೇರವಾಗಿ ಸೇರಿಸಬಹುದು. ಒಟ್ಟು ಆರು ರೆಸಿಸ್ಟರ್ ಸಾಕು. ಆಗ ಒಂದರ ವಿದ್ಯುತ್ತು ಇನ್ನೊಂದರೊಳಗೆ ನುಗ್ಗುವುದಕ್ಕೆ ತಡೆ ಬೀಳುತ್ತದೆ. ನಷ್ಟವಿಲ್ಲವೆಂದು ನಾನು ಹೇಳುವುದಿಲ್ಲ: ಮೂರು ಕಂಪ್ಯೂಟರ್ ಸೇರಿದಾಗ ಪ್ರತಿಯೊಂದರ ಸಂಕೇತವೂ ಸುಮಾರು ಮೂರನೇ ಒಂದು ಭಾಗಕ್ಕೆ, ಅಂದರೆ 9.5 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಸ್ಪೀಕರಿನ ಗುಂಡಿಯನ್ನು ಹೆಚ್ಚಿಸಿ ಅದನ್ನು ಸರಿದೂಗಿಸಿಕೊಳ್ಳಬಹುದು. ಬೆಸುಗೆ ಬೇಡವೆನ್ನುವುದಾದರೆ ಹಲವು ಸದ್ದುಗಳನ್ನು ಕೂಡಿಸುವ ಚಿಕ್ಕ ಆಡಿಯೋ ಮಿಕ್ಸರ್ ಕೊಳ್ಳೋಣ. ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಂಡಿಗಳಿರುತ್ತವೆ.

ಅಣ್ಣ: ಮೂರನ್ನೂ ಕೂಡಿಸಿದರೆ ಗುಂಯ್ ಎಂಬ ಸದ್ದು ಬರುವುದಿಲ್ಲವೇ?

ನಾನು: ಬರಬಹುದು. ಕಂಪ್ಯೂಟರುಗಳು ಬೇರೆ ಬೇರೆ ಪ್ಲಗ್ಗುಗಳಿಂದ ವಿದ್ಯುತ್ ಪಡೆಯುವಾಗ ಅವುಗಳ ಅರ್ಥಿಂಗ್ ತಂತಿಗಳೂ ಆಡಿಯೋ ವೈರೂ ಸೇರಿ ಒಂದು ಸುತ್ತು ಏರ್ಪಡುತ್ತದೆ. ಗುಂಯ್ ಎನ್ನುವುದು ಅದರಿಂದ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡೋಣ. ಅದಕ್ಕೂ ನಿಲ್ಲದಿದ್ದರೆ ತಂತಿಗಳ ನೇರ ಸಂಪರ್ಕವನ್ನು ಕಡಿದು ಸದ್ದನ್ನು ಮಾತ್ರ ದಾಟಿಸುವ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕಾಗುತ್ತದೆ. ಅರ್ಥಿಂಗ್ ಪಿನ್ನನ್ನು ಮಾತ್ರ ಯಾರೂ ಯಾವ ಕಾರಣಕ್ಕೂ ತೆಗೆಯಬಾರದು, ಅದು ಜೀವಕ್ಕೆ ಅಪಾಯ.

ಚಿಕ್ಕಪ್ಪ: ಮಿಕ್ಸರೇ ಇರಲಿ. ನಾನು ಸಂಗೀತ ಕೇಳುವಾಗ ನಿಮ್ಮ ಗಂಟೆಗಳನ್ನು ತಗ್ಗಿಸುವ ಗುಂಡಿ ನನ್ನ ಕೈಗೆ ಎಟುಕುವಂತಿರಬೇಕು.

ತಂಗಿ: ತಗ್ಗಿಸಿ ಚಿಕ್ಕಪ್ಪ, ಪೂರ್ತಿ ಮುಚ್ಚಬೇಡಿ.

ಚಿಕ್ಕಪ್ಪ: ಮುಚ್ಚುವುದಿಲ್ಲ. ಮೊದಲು ಆ ಕವಲು ವೈರನ್ನು ತೆಗೆ.

ತಂಗಿ: ತೆಗೆದಿದ್ದೇನೆ. ಪಿನ್ ಈಗ ನಿಮ್ಮ ಕಂಪ್ಯೂಟರಿನಲ್ಲಿದೆ. ಸಂಜೆ ಆರಕ್ಕೆ ನನಗೊಂದು ಸಭೆಯಿದೆ, ಆಗ ಬಿಟ್ಟುಕೊಡಿ.