ಅಪ್‌ಡೇಟ್: ಹಳೇ ಟ್ರಕ್ಕಿನ ರೇಡಿಯೋ ಕೊನೆಗೂ ಹಾಡಿತು

1953ರ ಫೋರ್ಡ್ ಎಫ್-100ಗೆ ಒರಿಜಿನಲ್ ರೇಡಿಯೋ ಸರಿಮಾಡಿಸಲಾ, ಅದೇ ರೂಪದ ಹೊಸದು ಹಾಕಲಾ ಅಂತ ಕೇಳಿದ್ದೆ. ಒರಿಜಿನಲ್ಲೇ ಉಳಿಯಿತು.

ನಾನು ನೋಡಿದ ಹೊಸದಕ್ಕೆ 12 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿಯ ಮೈನಸ್ ತುದಿ ಗಾಡಿಯ ಬಾಡಿಗೆ ಸೇರಿರೋದು) ಬೇಕು. ನನ್ನ ಗಾಡಿ 6 ವೋಲ್ಟ್, ಅದೂ ಪಾಸಿಟಿವ್ ಅರ್ಥ್, ಅಂದರೆ ಪ್ಲಸ್ ತುದಿ ಬಾಡಿಗೆ. 6 ವೋಲ್ಟನ್ನು 12 ಮಾಡುವ ಕನ್ವರ್ಟರ್ ಹಾಕಿ ನೋಡಿದೆ, ಸ್ಪೀಕರ್‌ನಲ್ಲಿ ಬರೀ ಗುಂಯ್ ಸದ್ದು. ಇನ್ನು ಹಳೇ ರೇಡಿಯೋದಲ್ಲಿ, ಬ್ಯಾಟರಿ ಕರೆಂಟನ್ನು ಕಡಿದು ಕಡಿದು ಬಿಟ್ಟು ವೋಲ್ಟೇಜ್ ಏರಿಸಲು ನೆರವಾಗುವ ವೈಬ್ರೇಟರ್ ಅನ್ನೋ ಭಾಗದ ಪಾಯಿಂಟ್ ಉಜ್ಜಿದ್ದು ಎರಡು ದಿನವೂ ಬಾಳಲಿಲ್ಲ.

ಕೆಪಾಸಿಟರ್ ಬದಲಿಸಿ, ಸಾಲಿಡ್ ಸ್ಟೇಟ್ (ಅಲುಗಾಡುವ ಪಾಯಿಂಟ್ ಇಲ್ಲದ, ಎಲೆಕ್ಟ್ರಾನಿಕ್) ವೈಬ್ರೇಟರ್ ಹಾಕಿ ಎಂದವರ ಮಾತೇ ಕೈ ಹಿಡಿಯಿತು. ತುಂಬಾ ಥ್ಯಾಂಕ್ಸ್! ಆದರೆ ಅದನ್ನು ಪಾಸಿಟಿವ್ ಅರ್ಥ್‌ಗೆ ಹೊಂದುವಂಥದ್ದೇ ನೋಡಿ ತಗೊಳ್ಳಿ. ಇದು ನನಗೆ ಗೊತ್ತೇ ಇರಲಿಲ್ಲ.

ಈಗ ಸ್ವಿಚ್ ತಿರುಗಿಸಿದರೆ ಡಯಲ್ ಹಳದಿಯಾಗಿ ಬೆಳಗುತ್ತದೆ. ಒಳಗಿನ ವಾಲ್ವ್ (ಹಳೇ ರೇಡಿಯೋದ ಟ್ಯೂಬ್) ಬಿಸಿಯಾಗೋವರೆಗೂ ಮೌನ, ಆಮೇಲೆ ಮೆಲ್ಲಗೆ ದನಿ. ಎಎಂ ಮಾತ್ರ ಸಿಗುತ್ತದೆ, ನನಗಷ್ಟೇ ಸಾಕು.