‘ನಿರ್ಬಂಧಕ ಕಿಣ್ವ’ ಮತ್ತು ‘ಜೀನೋಮ್ ಸಂಪಾದನೆ’: ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ರಿಸ್ಟ್ರಿಕ್ಷನ್ ಎಂಜೈಮ್. ‘ನಿರ್ಬಂಧಕ ಕಿಣ್ವ’ ಅಂದರೆ ಓದಿದವರಿಗೆ ಅದು ಏನನ್ನೋ ತಡೆದು ಹಿಡಿಯುತ್ತದೆ ಅನಿಸುತ್ತದೆ. ಆದರೆ ಅದರ ಕೆಲಸ ಡಿಎನ್ಎಯನ್ನು ಕತ್ತರಿಸುವುದು. ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ ಚೆನ್ನಾಗಿ ಬೆಳೆದ ವೈರಸ್ ಇನ್ನೊಂದು ತಳಿಗೆ ಹೋದರೆ ಬಹುತೇಕ ಬೆಳೆಯುವುದೇ ಇಲ್ಲ ಅನ್ನುವುದನ್ನು ಲೂರಿಯಾ, ಬರ್ಟಾನಿ ಮೊದಲಾದ ವಿಜ್ಞಾನಿಗಳು 1950ರ ದಶಕದ ಶುರುವಿನಲ್ಲಿ ಕಂಡರು, ಆ ತಡೆಗೆ ಬಿದ್ದ ‘ರಿಸ್ಟ್ರಿಕ್ಷನ್’ ಅನ್ನುವ ಹೆಸರೇ ಆಮೇಲೆ ವೈರಸ್‌ನ ಡಿಎನ್ಎ ಕತ್ತರಿಸಿ ಅದನ್ನು ತಡೆಯುವ ಈ ಕಿಣ್ವಕ್ಕೂ ಅಂಟಿಕೊಂಡಿತು. ಇಕೋಆರ್ ಒನ್ ಅನ್ನುವ ಇಂಥ ಒಂದು ಕಿಣ್ವವನ್ನೇ ನೋಡಿ. ಡಿಎನ್ಎಯಲ್ಲಿ ಜಿಎಎಟಿಟಿಸಿ ಅನ್ನುವ ಸಾಲು ಸಿಕ್ಕರೆ ಜಿ ಮತ್ತು ಎ ನಡುವೆ ಕತ್ತರಿಸುತ್ತದೆ. ಎದುರಿನ ಎಳೆಯಲ್ಲೂ ಹಾಗೇ, ಅದಕ್ಕೇ ತುಂಡಿನ ತುದಿಯಲ್ಲಿ ನಾಲ್ಕು ಅಕ್ಷರ ಚಾಚಿಕೊಂಡಿರುತ್ತವೆ. ಬ್ಯಾಕ್ಟೀರಿಯಾದ ಸ್ವಂತ ಡಿಎನ್ಎಯಲ್ಲೂ ಆ ಸಾಲು ಇರುತ್ತದೆ ಅಲ್ವಾ? ಅಲ್ಲಿ ಅದು ಮೊದಲೇ ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುರುತು ಹಾಕಿಕೊಂಡಿರುತ್ತದೆ, ಕಿಣ್ವ ಮುಟ್ಟುವುದಿಲ್ಲ.

‘ಕತ್ತರಿ ಕಿಣ್ವ’ ಅನ್ನೋಣ ಅಂದುಕೊಂಡೆ. ಆದರೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದ ಮೇಲೆ ಅದರಲ್ಲಿ ಬಳಸುವ ಕ್ಯಾಸ್9 ಕಿಣ್ವವನ್ನು ‘ಜೀನ್ ಕತ್ತರಿ’ ಅನ್ನುವುದು ರೂಢಿಯಾಗಿದೆ. ಅದೂ ಬ್ಯಾಕ್ಟೀರಿಯಾ ವೈರಸ್ ವಿರುದ್ಧ ಇಟ್ಟುಕೊಂಡ ಆಯುಧವೇ, ಆದರೆ ಎಲ್ಲಿ ಕತ್ತರಿಸಬೇಕು ಅಂತ ಅದಕ್ಕೆ ಒಂದು ಆರ್‌ಎನ್ಎ ದಾರಿ ತೋರಿಸುತ್ತದೆ. ಇಕೋಆರ್ ಒನ್‌ಗೆ ಆ ಆರು ಅಕ್ಷರ ಬಿಟ್ಟರೆ ಬೇರೆ ಜಾಗ ಗೊತ್ತಿಲ್ಲ. 2012ರಲ್ಲಿ ವಿಜ್ಞಾನಿಗಳಾದ ಡೌಡ್ನಾ ಮತ್ತು ಶಾರ್ಪಾಂಟಿಯೆ ಆ ಆರ್‌ಎನ್ಎಯನ್ನು ನಾವೇ ಬರೆದುಕೊಡಬಹುದು ಅಂತ ತೋರಿಸಿದ್ದರಿಂದಲೇ ಇಷ್ಟೆಲ್ಲ ಆಗಿದ್ದು. ಎರಡಕ್ಕೂ ‘ಕತ್ತರಿ’ ಅಂದರೆ ಮಕ್ಕಳಿಗೆ ಈ ವ್ಯತ್ಯಾಸವೇ ಕಾಣುವುದಿಲ್ಲ. ‘ಕಾವಲು ಕಿಣ್ವ’ ಅಂತ ಎರಡಕ್ಕೂ ಸೇರಿಸಿ ಹೇಳಿ, ಒಳಗೆ ‘ನಿಗದಿ ಕತ್ತರಿ’, ‘ದಾರಿ ಹಿಡಿದು ಹೋಗುವ ಕತ್ತರಿ’ ಅಂತ ಬೇರೆ ಮಾಡಬಹುದೇ? ಎರಡನೆಯದು ಉದ್ದವಾಯಿತು, ಒಪ್ಪುತ್ತೇನೆ.

ಇನ್ನೊಂದು ಜೀನೋಮ್ ಎಡಿಟಿಂಗ್, ಅಂದರೆ ಜೀವಿಯ ಡಿಎನ್ಎಯನ್ನು ಬೇಕಾದ ಜಾಗದಲ್ಲಿ ತಿದ್ದುವುದು. ‘ಸಂಪಾದನೆ’ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ದುಡ್ಡಿನ ಸಂಪಾದನೆ. ‘ತಿದ್ದುಪಡಿ’ ಅಂದರೆ ಕಾನೂನು. ‘ಕುಲಾಂತರಿ’ (ಬೇರೆ ಜೀವಿಯ ಜೀನ್ ಸೇರಿಸಿದ್ದು) ಅಂತೂ ಸರಿಹೋಗುವುದೇ ಇಲ್ಲ: 2025ರ ಮೇ ತಿಂಗಳಲ್ಲಿ ಪ್ರಕಟವಾದ ‘ಕಮಲಾ’ ಭತ್ತದಲ್ಲಿ ಬೇರೆ ಜೀವಿಯ ಜೀನ್ ಸೇರಿಸಿಲ್ಲ, ಸಾಂಬಾ ಮಸೂರಿಯದೇ ಜೀನನ್ನು ತಿದ್ದಿದ್ದಾರೆ. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ರೈತರಿಗೆ ತಪ್ಪು ಮಾಹಿತಿ ಕೊಟ್ಟಂತೆ. ನನಗೆ ‘ಜೀನ್ ತಿದ್ದಿಕೆ’ ಇಷ್ಟ. ‘ತಿದ್ದಿದ ತಳಿ’, ‘ತಿದ್ದದ ತಳಿ’ ಅಂತ ಸುಲಭವಾಗಿ ಬಳಸಬಹುದು.

ಪಾಠ ಮಾಡುವವರು, ಕೃಷಿ ವಿಸ್ತರಣೆಯಲ್ಲಿ ಇರುವವರು ಬಾಯಿಮಾತಿನಲ್ಲಿ ಏನು ಬಳಸುತ್ತೀರಿ, ತಿಳಿಸಿ.