ಸಹಾಯ ಬೇಕು: ಸ್ಕಾಟಿಷ್ ನಾಟಕದ ಹಾಡಿನ ಹಾಳೆ, ವರ್ಷ ಪತ್ತೆ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಎಡಿನ್‌ಬರೋದಲ್ಲಿ. ಇಲ್ಲಿನ ಹಳೆ ಪುಸ್ತಕದಂಗಡಿಯಲ್ಲಿ ಪಿಯಾನೋ ಹಾಡುಗಳ ಹಾಳೆಗಳನ್ನು ಸೇರಿಸಿ ಬೈಂಡ್ ಮಾಡಿದ ಪುಸ್ತಕವೊಂದು ಸಿಕ್ಕಿದೆ. ಒಂದು ಹಾಡಿನ ಮೇಲೆ, 'ರಾಬ್ ರಾಯ್ ಮೆಕ್‌ಗ್ರೆಗರ್' ನಾಟಕದಲ್ಲಿ ಸಿಂಕ್ಲೇರ್ (ಆಗಿನ ಗಾಯಕ) ಹಾಡಿದ್ದು ಅಂತ ಅಚ್ಚಾಗಿದೆ. ವರ್ಷ ಮಾತ್ರ ಎಲ್ಲೂ ಇಲ್ಲ. ಆಗಿನ ಸಂಗೀತ ಪ್ರಕಾಶಕರು ಸಾಮಾನ್ಯವಾಗಿ ವರ್ಷ ಹಾಕುತ್ತಿರಲಿಲ್ಲ. ಹಾಡು ಹಳೇದು ಅಂತ ಗಿರಾಕಿಗೆ ಗೊತ್ತಾಗಬಾರದಲ್ವಾ!

ಈ ನಾಟಕಕ್ಕೆ ಮೂಲವಾದ ವಾಲ್ಟರ್ ಸ್ಕಾಟ್ ಕಾದಂಬರಿ 'ರಾಬ್ ರಾಯ್' ಬಂದದ್ದು 1817ರ ಕೊನೆಯಲ್ಲಿ. 1818ರ ಮಾರ್ಚ್ 12ಕ್ಕೆ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ನಾಟಕವೂ ಆಯಿತು. ಬರೆದವರು ಐಸಾಕ್ ಪೊಕಾಕ್, ಸಂಗೀತ ಜಾನ್ ಡೇವಿಯದು. ಹಾಗಾಗಿ ಹಾಳೆ ಅದಕ್ಕಿಂತ ಹಳೆಯದಲ್ಲ. ಆದರೆ ನಾಟಕ ವರ್ಷಗಟ್ಟಲೆ ಓಡಿತು. ಕೆತ್ತಿದ ಲೋಹದ ತಗಡು ಇದ್ದರೆ ಬೇಕಾದಾಗ ಮತ್ತೆ ಮುದ್ರಿಸಬಹುದು. ಮೊದಲ ಮುದ್ರಣವೋ ಆಮೇಲಿನದೋ, ನನ್ನ ತಲೆನೋವು ಇದೇ.

ಕಾಗದವನ್ನು ಬೆಳಕಿಗೆ ಹಿಡಿದರೆ ನೀರುಗುರುತಿನಲ್ಲಿ (ಕಾಗದ ತಯಾರಿಸುವಾಗಲೇ ಮೂಡಿಸುವ ವಾಟರ್‌ಮಾರ್ಕ್) 1817 ಕಾಣುತ್ತದೆ. ಅದನ್ನು ಪೂರ್ತಿ ನಂಬುವ ಹಾಗಿಲ್ಲ. 1794ರ ನಂತರ, ರಫ್ತಾಗುವ ಕಾಗದಕ್ಕೆ ಸುಂಕ ವಾಪಸ್ ಸಿಗಲಿ ಅಂತ ಗಿರಣಿಗಳು ವರ್ಷ ಹಾಕತೊಡಗಿದವು. ಕೆಲವರು ಹಳೆ ವರ್ಷವಿದ್ದ ಕಾಗದ ತಯಾರಿಕೆಯ ಅಚ್ಚನ್ನೇ ಆಮೇಲೂ ಬಳಸಿದರು. ಪ್ರಕಾಶಕರ ವಿಳಾಸ ಇದ್ದಿದ್ದರೆ ಅಂಗಡಿ ಯಾವಾಗ ಎಲ್ಲಿತ್ತು ಅಂತ ನೋಡಿ ಹೇಳಬಹುದಿತ್ತು. ಬೈಂಡ್ ಮಾಡಿದವರು ಆ ಸಾಲನ್ನೇ ಕತ್ತರಿಸಿದ್ದಾರೆ, ಪುಣ್ಯಾತ್ಮರು.

ಪುಟದ ಕೆಳಗೆ ತಗಡಿನ ಸಂಖ್ಯೆ (ಪ್ರಕಾಶಕರು ಮುದ್ರಣದ ತಗಡಿನ ಮೇಲೆ ಕೆತ್ತಿಸುತ್ತಿದ್ದ ಗುರುತಿನ ಸಂಖ್ಯೆ) ಉಳಿದಿದೆ. ಅದರಿಂದ ಪ್ರಕಾಶಕರನ್ನೂ ವರ್ಷವನ್ನೂ ಹುಡುಕಿದ ಅನುಭವ ಯಾರಿಗಾದರೂ ಇದೆಯೇ? ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, ಹಳೆ ಸಂಗೀತ ಮುದ್ರಣಗಳ ಗ್ಲೆನ್ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ನೋಡುತ್ತಿದ್ದೇನೆ. ಲಂಡನ್ನಿನಲ್ಲಿರುವವರು ಯಾರಾದರೂ ಬ್ರಿಟಿಷ್ ಲೈಬ್ರರಿಗೆ ಹೋಗುವುದಿದ್ದರೆ ದಯವಿಟ್ಟು ತಿಳಿಸಿ, ಫೋಟೋ ಕಳಿಸುತ್ತೇನೆ.